ದುಡಿಸುವವರಿಗೂ ಒಂದು ಕಾಯಕವಿದೆ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)



ಕಾಯಕದ ವಿಷಯವಾಗಿ ಈ ಪೀಠದಲ್ಲಿ ಕುಳಿತು ನಾವು ಎಷ್ಟು ಸಲ ಮಾತನಾಡಿದ್ದೇವೆಯೋ ಲೆಕ್ಕವಿಲ್ಲ. ಶ್ರಾವಣದಲ್ಲಿ ಹೇಳಿದ್ದೇವೆ, ಬಸವ ಜಯಂತಿಯಲ್ಲಿ ಹೇಳಿದ್ದೇವೆ, ಹಳ್ಳಿಗಳಿಗೆ ಬಿಜಯಂಗೈದಾಗ ಹೇಳಿದ್ದೇವೆ. ಆದರೆ ಈಚೆಗೆ ಹಿಂತಿರುಗಿ ನೋಡಿಕೊಂಡಾಗ ಒಂದು ಸಂಗತಿ ನಮ್ಮ ಮನಸ್ಸನ್ನು ಚುಚ್ಚಿತು. ಅಷ್ಟು ಸಲವೂ ನಾವು ದುಡಿಯುವವರಿಗೇ ಹೇಳಿದ್ದೇವೆ. ಮೈಗಳ್ಳತನ ಮಾಡಬೇಡಿರಿ, ಮನಸ್ಸಿಟ್ಟು ಮಾಡಿರಿ, ಹೆಚ್ಚಿಗೆ ಆಸೆಪಡಬೇಡಿರಿ ಎಂದು ಅವರಿಗೇ ಬೋಧಿಸಿದ್ದೇವೆ. ದುಡಿಸುವವರಿಗೆ ಹೇಳಿದ್ದು ತೀರ ಕಡಿಮೆ. ಕಾರಣವೇನು? ದುಡಿಸುವವರು ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಮಠಕ್ಕೆ ಕಾಣಿಕೆ ಕೊಡುವವರೂ ಅವರೇ. ದುಡಿಯುವವರು ಹಿಂದೆ ಕಂಬದ ಮರೆಯಲ್ಲಿ ನಿಂತಿರುತ್ತಾರೆ. ಈ ಹೊತ್ತು ಮುಂದಿನ ಸಾಲಿಗೆ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಆ ಮುಂದಿನ ಸಾಲಿನಲ್ಲಿ ನಾವೂ ಇದ್ದೇವೆ ಎಂಬುದನ್ನು ನೀವು ಮುಂದೆ ಕೇಳುವಿರಿ.

ಹೋದ ವರ್ಷ ಒಂದು ಗೋಷ್ಠಿ ಮುಗಿದ ಮೇಲೆ ಊರಿನ ಕೆಲವು ಹಿರಿಯ ವರ್ತಕರು, ಅಡತಿ ಅಂಗಡಿಯವರು, ಕಾರ್ಖಾನೆಯವರು ನಮ್ಮ ಬಳಿ ಕುಳಿತಿದ್ದರು. ಒಬ್ಬರು, "ಅಜ್ಜಾರ, ಈಗಿನ ಹುಡುಗರು ಕೆಲಸಕ್ಕ ನಿಲ್ಲೂದಿಲ್ರೀ. ಬಂದ ದಿನಾನ ಪಗಾರ ಎಂದ ಕೊಡ್ತೀರಿ, ಸೂಟಿ ಎಷ್ಟ ಅಂತ ಕೇಳ್ತಾರ. ನಾವು ನಮ್ಮ ಸಾವಕಾರ್ರ ಮುಂದ ಬಾಯಿ ತೆಗೀತಿದ್ದಿಲ್ಲ" ಎಂದರು. ಉಳಿದವರೆಲ್ಲ ಹೌದೆಂದು ತಲೆಯಾಡಿಸಿದರು. ನಾವೂ ಆಡಿಸಿದೆವು.

ಆದರೆ ಒಂದು ಪಕ್ಷದ ಮಾತನ್ನು ಕೇಳಿ ನಿರ್ಣಯಕ್ಕೆ ಬರುವುದು ನ್ಯಾಯವಲ್ಲ. ಆದ್ದರಿಂದ ಕೆಲವು ಸಂಜೆ ತರುಣರನ್ನು ಮಠಕ್ಕೆ ಕರೆಯಿಸಿದೆವು. ಬಟ್ಟೆಯ ಅಂಗಡಿಯಲ್ಲಿ ಇರುವವರು, ಖಾಸಗಿ ಆಸ್ಪತ್ರೆಯಲ್ಲಿ ದಾದಿಯರಾಗಿರುವ ಹೆಣ್ಣುಮಕ್ಕಳು, ಮೋಟಾರು ರಿಪೇರಿ ಮಾಡುವವರು, ಖಾಸಗಿ ಶಾಲೆಯ ಶಿಕ್ಷಕಿಯರು, ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದವರು, ಹೀಗೆ ಹಲವರು ಬಂದರು. "ನಿಮ್ಮನ್ನು ದುಡಿಸುವವರಿಂದ ನೀವು ಏನನ್ನು ಬಯಸುತ್ತೀರಿ?" ಎಂದು ಒಂದೇ ಪ್ರಶ್ನೆ ಕೇಳಿ ಸುಮ್ಮನೆ ಕುಳಿತೆವು. ಮೊದಲು ಯಾರೂ ಬಾಯಿ ಬಿಡಲಿಲ್ಲ. ಸ್ವಾಮಿಗಳು ಉಪದೇಶ ಮಾಡುತ್ತಾರೆಂದು ಕಾದಿದ್ದರು. ನಾವು ಮಾಡದಿದ್ದಾಗ ಒಬ್ಬೊಬ್ಬರಾಗಿ ಮಾತನಾಡಿದರು. ಬಂಧುಗಳೇ, ಯಾರೂ ಅರಮನೆಯನ್ನು ಕೇಳಲಿಲ್ಲ. ಅವರು ಹೇಳಿದ್ದನ್ನೆಲ್ಲ ಕೂಡಿಸಿದರೆ ನಾಲ್ಕೇ ನಾಲ್ಕು ಸಂಗತಿಗಳಾದವು.

ಮೊದಲನೆಯದು, ಆಡಿದ ಮಾತು ನಡೆಯಬೇಕು. ಇಷ್ಟು ಪಗಾರವೆಂದರೆ ಅಷ್ಟು ಬರಬೇಕು, ಇಂಥ ತಾರೀಖೆಂದರೆ ಅಂದೇ ಬರಬೇಕು, ಮಾತು ಕಾಗದದಲ್ಲಿರಬೇಕು. ಒಬ್ಬ ಹುಡುಗ ಹೇಳಿದ, "ಅಜ್ಜಾರ, ಕಡಿಮಿ ಕೊಟ್ರೂ ಹೆಂಗೋ ಮಾಡ್ತೇವ್ರಿ. ಎಂದ ಕೊಡ್ತಾರ ಅಂತ ಗೊತ್ತಿರದಿದ್ರ ಮನಿ ಬಾಡಗಿಗೆ ಏನ್ ಹೇಳೂಣ್ರಿ?" ಎಂದು. ಇದರಲ್ಲಿ ದುರಾಸೆ ಎಲ್ಲಿದೆ?

ಇದು ಈಗಿನ ಕಾಲದ ಹುಡುಗರು ಹೊಸದಾಗಿ ಕಲಿತು ಬಂದ ಮಾತೂ ಅಲ್ಲ. ನಾವು ಪಾಠಶಾಲೆಯಲ್ಲಿ ವ್ಯಾಕರಣ ಓದುವಾಗ 'ಭೃ' ಎಂಬ ಧಾತುವನ್ನು ಕಲಿತೆವು. ಧರಿಸುವುದು, ಪೋಷಿಸುವುದು ಎಂದು ಅದರ ಅರ್ಥ. ಒಡೆಯನಿಗೆ 'ಭರ್ತೃ' ಎನ್ನುತ್ತಾರೆ, ಪೋಷಿಸುವವನು ಎಂದು. ಸೇವಕನಿಗೆ 'ಭೃತ್ಯ' ಎನ್ನುತ್ತಾರೆ, ಪೋಷಿಸಲ್ಪಡತಕ್ಕವನು ಎಂದು. ಕೂಲಿಗೆ 'ಭೃತಿ' ಎನ್ನುತ್ತಾರೆ. ಮೂರೂ ಒಂದೇ ಬೇರಿನಿಂದ ಹುಟ್ಟಿದ ಮಾತುಗಳು. ಭೃತಿಯನ್ನು ಕೊಡದವನು ಭರ್ತೃ ಹೇಗಾದಾನು? ಇನ್ನು ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣವನ್ನು ನೋಡಿರಿ. ಒಡೆಯನಿಗೂ ಕೆಲಸಗಾರನಿಗೂ ಆದ ಒಪ್ಪಂದ ನೆರೆಹೊರೆಯವರಿಗೆ ತಿಳಿದಿರಬೇಕೆಂದು ಅಲ್ಲಿ ಹೇಳಿದೆ. ಮಾತಾದಂತೆ ವೇತನ ಸಲ್ಲಬೇಕೆಂದಿದೆ. ಕೊಡದವನಿಗೆ ದಂಡವಿದೆ, ಕೂಲಿ ತೆಗೆದುಕೊಂಡು ಕೆಲಸ ಮಾಡದವನಿಗೂ ದಂಡವಿದೆ. ನಮ್ಮ ತರುಣರು ಇಂದು ಕೇಳುವ ನೇಮಕದ ಕಾಗದ, ಅಂದಿನ ಆ ನೆರೆಹೊರೆಯವರ ಸಾಕ್ಷಿಯೇ ಹೊರತು ಬೇರೆಯಲ್ಲ.

ನಮ್ಮ ಹಳ್ಳಿಗಳಲ್ಲಿಯೂ ಏನಿತ್ತು? ಕಣದಲ್ಲಿ ರಾಶಿಯಾದಾಗ ಆಯಗಾರರ ಪಾಲನ್ನು ಅಲ್ಲಿಯೇ ಅಳೆದು ಕೊಡುತ್ತಿದ್ದರು. ಬಡಿಗ, ಕಮ್ಮಾರ, ಅಗಸ, ನಾಪಿತ ಇವರ ಆಯ ಸಂದ ಮೇಲೆ ಕಾಳು ಮನೆಯ ಹಗೇವಿಗೆ ಹೋಗುತ್ತಿತ್ತು. ಆ ವ್ಯವಸ್ಥೆಯಲ್ಲಿ ಬೇಕಾದಷ್ಟು ದೋಷಗಳಿದ್ದವು, ಅದನ್ನು ನಾವು ಹೊಗಳುತ್ತಿಲ್ಲ. ಆದರೆ ದುಡಿದವನ ಪಾಲು ಮೊದಲು, ಯಜಮಾನನ ಕಣಜ ಆಮೇಲೆ ಎಂಬ ಕ್ರಮ ಅದರಲ್ಲಿತ್ತು. ಇಂದು ಆ ಕ್ರಮ ತಿರುಗುಮುರುಗಾಗಿದೆ. ಬಾಡಿಗೆ ಕೊಟ್ಟು, ಬ್ಯಾಂಕಿನ ಕಂತು ಕಟ್ಟಿ, ಮಗನ ಮದುವೆಯ ಮಂಟಪಕ್ಕೆ ಮುಂಗಡ ಕೊಟ್ಟು, ಉಳಿದರೆ ಆಳಿನ ಪಗಾರ!

ಕಾಯಿದೆಯೂ ಇದನ್ನೇ ಹೇಳುತ್ತದೆ. 1936ರಲ್ಲಿಯೇ ವೇತನ ಪಾವತಿಯ ಕಾಯಿದೆ ಬಂದಿತ್ತು. ಮುಂದಿನ ತಿಂಗಳ 7ನೆಯ ಇಲ್ಲವೆ 10ನೆಯ ತಾರೀಖಿನೊಳಗೆ ವೇತನ ಕೊಡಬೇಕೆಂದು ಅದರಲ್ಲಿತ್ತು. ಈಗ ಅದರ ಸ್ಥಾನಕ್ಕೆ 2019ರ ವೇತನ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ತಿಂಗಳ ವೇತನ ಮುಂದಿನ ತಿಂಗಳ 7ರೊಳಗೆ ಸಲ್ಲಬೇಕು. ಕೆಲಸ ಬಿಟ್ಟವನ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಹೆಚ್ಚಿನ ವೇಳೆ ದುಡಿಸಿಕೊಂಡರೆ ಅದಕ್ಕೆ ಎರಡು ಪಟ್ಟು ಕೊಡಬೇಕು. ಆದರೆ ಬಾಕಿ ಕೇಳಲು ಬಂದ ಹುಡುಗನಿಗೆ "ಅಮಾಸಿ ಕಳದ ಮ್ಯಾಲ ಬಾ" ಎಂದು ಹೇಳುವ ಅಂಗಡಿಗಳು ಎಷ್ಟಿವೆಯೆಂಬುದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು.

ಮಾತು ನಡೆಯದಿದ್ದರೆ ಏನಾಗುತ್ತದೆ? 2020ರ ಡಿಸೆಂಬರ್ 12ರ ಮುಂಜಾನೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಮೊಬೈಲ್ ಫೋನು ತಯಾರಿಸುವ ಕಾರ್ಖಾನೆಯಲ್ಲಿ ಏನು ನಡೆಯಿತೆಂಬುದನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. ರಾತ್ರಿಯ ಪಾಳಿ ಮುಗಿಸಿದ ಕಾರ್ಮಿಕರು ಗಾಜು ಒಡೆದರು, ವಾಹನಗಳನ್ನು ಉರುಳಿಸಿದರು. ಅವರಲ್ಲಿ ಬಹುಮಂದಿ ಗುತ್ತಿಗೆಯ ಮೇಲೆ ಬಂದ ತರುಣರು. ಹನ್ನೆರಡು ತಾಸಿನ ಪಾಳಿ, ಕಡಿಮೆಯಾಗಿ ಬಂದ ಸಂಬಳ, ತಡವಾಗಿ ಬಂದ ಸಂಬಳ, ಇವೇ ಅವರ ಅಳಲು. ಕಲ್ಲು ಎಸೆದದ್ದನ್ನು ನಾವು ಎಂದೂ ಒಪ್ಪುವುದಿಲ್ಲ. ಆದರೆ ಆಮೇಲೆ ಸರಕಾರದ ಅಧಿಕಾರಿಗಳು ಪರಿಶೀಲಿಸಿದಾಗ ವೇತನದ ಲೆಕ್ಕದಲ್ಲಿ ಲೋಪಗಳು ಕಂಡವು. ಕೆಲವರಿಗೆ ಸರಿಯಾಗಿ ಸಂಬಳ ಸಂದಿರಲಿಲ್ಲವೆಂದು ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಕ್ಷಮೆ ಕೇಳುವ ಬಾಯಿ ಒಂದು ತಿಂಗಳು ಮೊದಲೇ ತೆರೆದಿದ್ದರೆ ಗಾಜೂ ಉಳಿಯುತ್ತಿತ್ತು, ಆ ಮಕ್ಕಳ ಬಾಳೂ ಉಳಿಯುತ್ತಿತ್ತು.

ಎರಡನೆಯದು, ಮರ್ಯಾದೆ. ಒಬ್ಬ ಹೆಣ್ಣುಮಗಳು ಹೇಳಿದಳು: ಅಂಗಡಿಯಲ್ಲಿ ಎರಡು ವರ್ಷವಾದರೂ ತನ್ನ ಹೆಸರು ಸಾಹುಕಾರರಿಗೆ ಗೊತ್ತಿಲ್ಲ, "ಏ ಹುಡುಗಿ" ಎಂದೇ ಕರೆಯುತ್ತಾರೆ, ಇಡೀ ದಿವಸ ಕುಳಿತುಕೊಳ್ಳುವ ಹಾಗಿಲ್ಲ ಎಂದು. ತಪ್ಪು ಮಾಡಿದರೆ ಒಳಗೆ ಕರೆದು ಹೇಳಲಿ, ಗಿರಾಕಿಗಳ ಮುಂದೆ ಬಯ್ಯಬಾರದು, ಇಷ್ಟೇ ಅವಳ ಅಪೇಕ್ಷೆ.

ಇಲ್ಲಿ ನಮ್ಮ ಶರಣರ ಹೆಸರುಗಳನ್ನು ಸ್ವಲ್ಪ ನೆನೆಯಿರಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ. ಹೆಸರಿನ ಮುಂದೆ ಅವರ ಕೆಲಸವಿದೆ, ಹೆಸರಿನ ಕೊನೆಗೆ 'ಅಯ್ಯ' ಇದೆ, 'ಅಣ್ಣ' ಇದೆ. ಬಟ್ಟೆ ಒಗೆಯುವವನಿಗೂ ದೋಣಿ ನಡೆಸುವವನಿಗೂ ಅಯ್ಯ ಎಂದು ಕರೆದ ಕಾಲ ಅದು. ಎಂಟುನೂರು ವರ್ಷಗಳಿಂದ ಆ ಹೆಸರುಗಳನ್ನು ಪಠಿಸುತ್ತ ಬಂದ ನಾವು ನಮ್ಮ ಅಂಗಡಿಯಲ್ಲಿ ದುಡಿಯುವ ಮಗಳ ಹೆಸರನ್ನು ತಿಳಿದುಕೊಳ್ಳಲಿಲ್ಲವೆಂದರೆ ಆ ಪಠಣದಿಂದ ಪ್ರಯೋಜನವೇನು? ಬಸವಣ್ಣನವರೂ ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಗಳಾಗಿ ಚಾಕರಿ ಮಾಡಿದವರೇ. ಒಡೆಯನ ಕೈಕೆಳಗೆ ಇರುವುದೆಂದರೇನೆಂದು ಅವರಿಗೆ ಗೊತ್ತಿತ್ತು.

ಮೂರನೆಯದು, ಕಲಿಸಬೇಕು. "ಮೂರು ವರ್ಷದಿಂದ ಪಾನಾ ಹಿಡಿದು ನಿಂತಿದ್ದೇನೆ, ಎಂಜಿನ್ನಿಗೆ ಕೈ ಹಚ್ಚಲು ಬಿಡುವುದಿಲ್ಲ" ಎಂದ ಒಬ್ಬ ಹುಡುಗ. ಕಲಿತರೆ ಬಿಟ್ಟುಹೋದಾನೆಂದು ಮಾಲಿಕನಿಗೆ ಭಯ. ಕಲಿಸದಿದ್ದುದರಿಂದಲೇ ಅವನು ಬಿಟ್ಟುಹೋಗಲು ನೋಡುತ್ತಿದ್ದಾನೆ. ಕೆಲಸ ಕಲಿಯುವವರಿಗಾಗಿ 1961ರಷ್ಟು ಹಿಂದೆಯೇ ಅಪ್ರೆಂಟಿಸ್ ಕಾಯಿದೆ ಆಯಿತು. ಆದರೆ ವಿದ್ಯೆ ಕೊಡುವ ಮನಸ್ಸನ್ನು ಕಾಯಿದೆ ತಂದುಕೊಡಲಾರದು. ಶಿಷ್ಯ ತನ್ನನ್ನು ಮೀರಲಿ ಎಂದು ಗುರು ಬಯಸಬೇಕು. ಹಣವನ್ನು ಕೊಟ್ಟರೆ ಕೊಟ್ಟವನಲ್ಲಿ ಕಡಿಮೆಯಾಗುತ್ತದೆ. ವಿದ್ಯೆ ಕೊಟ್ಟರೆ ಯಾರಲ್ಲಿ ಕಡಿಮೆಯಾಗುತ್ತದೆ?

ನಾಲ್ಕನೆಯದು, ತಮ್ಮದೆಂಬ ವೇಳೆ. ಹಿಂದೆ ಗಿರಣಿಯ ಭೋಂಗಾ ಕೂಗಿದರೆ ಕೆಲಸ ಮುಗಿಯಿತೆಂದು ಲೆಕ್ಕ. ಈಗ ಕಿಸೆಯಲ್ಲಿ ಫೋನಿದೆ. ಅದಕ್ಕೆ ಭೋಂಗಾ ಎಲ್ಲಿ? ರಾತ್ರಿ ಹತ್ತಕ್ಕೂ ಕರೆ, ಊಟದ ಎಲೆಯ ಮುಂದೆ ಕುಳಿತಾಗಲೂ ಕರೆ, ಇಷ್ಟಲಿಂಗ ಪೂಜೆಯ ಹೊತ್ತಿನಲ್ಲೂ ಕರೆ. ಬೆಂಗಳೂರಿನಲ್ಲಿ ಮನೆಮನೆಗೆ ಊಟ ತಲುಪಿಸುವ ಹುಡುಗನೊಬ್ಬ, "ನಮ್ಮ ಮಾಲಕ ಯಾರ ಅಂತನ ಗೊತ್ತಿಲ್ರಿ ಅಜ್ಜಾರ, ಫೋನ ನಮ್ಮ ಮಾಲಕ. ಒಂದಿನ ಅದು ಬಂದ್ ಆತಂದ್ರ ಯಾಕ ಅಂತ ಕೇಳಾಕ ಯಾರೂ ಇಲ್ರಿ" ಎಂದ. ಇಂಥವರಿಗಾಗಿ ಕರ್ನಾಟಕ ಸರಕಾರ 2025ರಲ್ಲಿ ಒಂದು ಪ್ರತ್ಯೇಕ ಕಾಯಿದೆ ಮಾಡಿದೆ. ಅವರ ಕಲ್ಯಾಣಕ್ಕೆ ಒಂದು ಮಂಡಳಿ ಇರಬೇಕು, ಕಾರಣ ತಿಳಿಸದೆ ಕೆಲಸದಿಂದ ತೆಗೆಯಬಾರದು ಎಂದು ಅದರಲ್ಲಿದೆ. ಕಾರಣ ಕೇಳಲು ಒಬ್ಬ ಮನುಷ್ಯನಿರಬೇಕು ಎಂಬುದಕ್ಕೂ ಕಾಯಿದೆ ಬೇಕಾಯಿತಲ್ಲ, ಅದನ್ನು ಯೋಚಿಸಿರಿ.

ಇಷ್ಟನ್ನು ಕೇಳಿಕೊಂಡು ನಾವು ಸಂತೋಷದಿಂದ ಎದ್ದುಹೋಗಬಹುದಾಗಿತ್ತು. ಮುಂದಿನ ಗೋಷ್ಠಿಯಲ್ಲಿ ವರ್ತಕರಿಗೆ ಬುದ್ಧಿ ಹೇಳಿ ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ಆ ಸಂಜೆಗಳಲ್ಲಿ ಬರಬೇಕಾಗಿದ್ದ ಒಬ್ಬ ಹುಡುಗ ಬಂದಿರಲಿಲ್ಲ. ಅವನ ವಿಷಯವನ್ನು ಈಗ ಹೇಳಬೇಕು.

ಅವನು ನಮ್ಮ ಪ್ರಸಾದ ನಿಲಯದಲ್ಲಿಯೇ ಇದ್ದು ಓದಿದವನು. ತಂದೆಯಿಲ್ಲ, ತಾಯಿ ಕೂಲಿ ಮಾಡಿ ಸಾಕಿದ್ದಳು. ಓದು ಮುಗಿದ ಮೇಲೆ ಮಠದ ಮುದ್ರಣಾಲಯದಲ್ಲಿ ಕಂಪ್ಯೂಟರಿನ ಕೆಲಸಕ್ಕೆ ನಿಂತ. ಈ ಪ್ರವಚನಗಳ ಹಿಂದಿನ ಸಂಪುಟದ ಅಕ್ಷರಗಳನ್ನು ಕೂಡಿಸಿದವನು ಅವನೇ. ಎರಡೂವರೆ ವರ್ಷ ದುಡಿದ. ಊಟ ಮಠದಲ್ಲಿ, ಕೈಗೆ ಆಗಾಗ ಇಷ್ಟೆಂದು ಕೊಡುತ್ತಿದ್ದೆವು. ಒಂದು ದಿನ ಬಂದು ಕೈಮುಗಿದು, "ಅಜ್ಜಾರ, ನೇಮಕದ ಒಂದ ಕಾಗದ, ತಿಂಗಳಿಗೆ ಇಷ್ಟ ಅಂತ ಪಗಾರ ಮಾಡಿಕೊಟ್ರ ಬಾಳ ಉಪಕಾರ ಆಕ್ಕೈತ್ರಿ" ಎಂದ. ನಾವು ಏನು ಹೇಳಿದೆವು ಗೊತ್ತೆ? "ತಮ್ಮಾ, ಮಠದ ಸೇವೆಗೆ ಲೆಕ್ಕ ಹಾಕಬಾರದು" ಎಂದೆವು. ಅವನು ಎದುರು ಮಾತನಾಡಲಿಲ್ಲ. ನಮಸ್ಕಾರ ಮಾಡಿ ಎದ್ದುಹೋದ. ವಾರದ ಮೇಲೆ ಅವನು ಊರು ಬಿಟ್ಟನೆಂದು ತಿಳಿಯಿತು. ಉಪಕಾರ ಮರೆತನೆಂದು ನಾವು ಅಂದುಕೊಂಡೆವು. ಅಂದುಕೊಂಡದ್ದಷ್ಟೇ ಅಲ್ಲ, ಇತರರ ಮುಂದೆ ಹೇಳಿಯೂ ಹೇಳಿದೆವು.

ಕೆಲವು ತಿಂಗಳ ಮೇಲೆ ಒಂದು ಅಮಾವಾಸ್ಯೆಯ ದಿನ ಅವನ ತಾಯಿ ದರ್ಶನಕ್ಕೆ ಬಂದಳು. ಸೆರಗಿನ ಗಂಟು ಬಿಚ್ಚಿ ಐದುನೂರು ರೂಪಾಯಿಯ ಒಂದು ನೋಟನ್ನು ದಾಸೋಹಕ್ಕೆಂದು ಇಟ್ಟಳು. ನಾವು, "ಇಷ್ಟು ಯಾಕವ್ವಾ?" ಎಂದೆವು. ಆಕೆ, "ನಂದಲ್ರಿ ಅಜ್ಜಾರ, ಮಗ ಕಳಿಸ್ಯಾನ್ರಿ. ಈಗ ತಿಂಗಳಾ ಪಗಾರ ಬರ್ತೈತ್ರಿ ಅವಗ. ಮೊದಲ ಮಠದ ದಾಸೋಹಕ್ಕ ಕೊಡು ಅಂದಾನ್ರಿ" ಎಂದಳು. ಆಕೆಯ ಮಾತಿನಲ್ಲಿ ಯಾವ ಕೊಂಕೂ ಇರಲಿಲ್ಲ. ಅದಕ್ಕಾಗಿಯೇ ಅದು ಇನ್ನೂ ಆಳಕ್ಕೆ ಇಳಿಯಿತು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಕಾಯಕ ಮತ್ತು ದಾಸೋಹ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತ ಬಂದ ನಮಗೆ ಅವೆರಡರ ನಡುವೆ ಒಂದು ಮೆಟ್ಟಿಲಿದೆಯೆಂಬುದು ಮರೆತುಹೋಗಿತ್ತು. ಕಾಯಕ ಮಾಡಿದವನ ಕೈಗೆ ಅದರ ಫಲ ಬರಬೇಕು. ಬಂದ ಫಲದಲ್ಲಿ ಅವನು ದಾಸೋಹ ಮಾಡಬೇಕು. ನಡುವಿನ ಮೆಟ್ಟಿಲನ್ನು ಕಿತ್ತರೆ ಕಾಯಕವು ಬರಿಯ ಜೀತವಾಗುತ್ತದೆ. ಜೀತಪದ್ಧತಿಯನ್ನು ನಮ್ಮ ದೇಶ 1976ರಲ್ಲಿಯೇ ಕಾಯಿದೆ ಮಾಡಿ ರದ್ದುಗೊಳಿಸಿತು. ಆದರೆ ಸೇವೆ ಎಂಬ ಪವಿತ್ರವಾದ ಹೆಸರನ್ನು ಹೊದಿಸಿ ನಾವು ಅದರ ನೆರಳನ್ನು ಮಠದಲ್ಲಿಯೇ ಇಟ್ಟುಕೊಂಡಿದ್ದೆವು. ಸೇವೆಯೆಂಬುದು ಕೊಡುವವನು ತಾನಾಗಿ ಹೇಳಬೇಕಾದ ಮಾತು. ತೆಗೆದುಕೊಳ್ಳುವವನು ಹೇಳಬೇಕಾದ ಮಾತಲ್ಲ. ಇನ್ನೊಬ್ಬನ ಪಗಾರದಲ್ಲಿ ದಾಸೋಹ ಮಾಡುವ ಅಧಿಕಾರ ಯಾರಿಗೂ ಇಲ್ಲ, ಮಠಕ್ಕಂತೂ ಇಲ್ಲವೇ ಇಲ್ಲ. ನಾವು ತಡೆಹಿಡಿದದ್ದು ಬರಿಯ ಅವನ ಹಣವನ್ನಲ್ಲ, ಅವನ ದಾಸೋಹವನ್ನೇ ತಡೆಹಿಡಿದಿದ್ದೆವು.

ನೀವು ಮಹಾದ್ವಾರದ ಕೆಲಸ ಯಾಕೆ ನಿಂತಿತೆಂದು ಕೇಳುತ್ತಿದ್ದಿರಿ. ಇದೇ ಕಾರಣ. ಆಡಳಿತ ಮಂಡಳಿಯವರನ್ನು ಕರೆಯಿಸಿ, ದಾನಿಗಳ ಒಪ್ಪಿಗೆ ಪಡೆದು, ಅಡುಗೆಯವರು, ಗೋಶಾಲೆಯವರು, ಮುದ್ರಣಾಲಯದವರು, ಶಾಲೆಯ ಶಿಕ್ಷಕರು ಎಲ್ಲರ ಬಾಕಿ ತೀರಿಸಿದೆವು. ಪ್ರತಿಯೊಬ್ಬರಿಗೂ ಕಾಗದ ಕೊಟ್ಟೆವು. ಆ ಹುಡುಗನಿಗೂ ಎರಡೂವರೆ ವರ್ಷದ ಲೆಕ್ಕ ಮಾಡಿ ಕಳಿಸಿದೆವು. ಜೊತೆಗೆ ಎರಡು ಸಾಲು ಬರೆದು ಕ್ಷಮೆ ಕೇಳಿದೆವು. ಅವನು ತೆಗೆದುಕೊಂಡ. ಮರಳಿ ಕೆಲಸಕ್ಕೆ ಬರಲಿಲ್ಲ, ಬರಬೇಕೆಂದೇನೂ ಇಲ್ಲ. ಮಹಾದ್ವಾರ ಇನ್ನೊಂದು ವರ್ಷ ತಡವಾದರೆ ಭಕ್ತರು ಒಳಗೆ ಬರುವುದಕ್ಕೆ ಏನೂ ಅಡ್ಡಿಯಿಲ್ಲ.

ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆಲ್ಲ ಗೊತ್ತು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಶರಣರು. ಒಂದು ದಿನ ಹೆಚ್ಚಿಗೆ ತಂದಾಗ ಅವರ ಪುಣ್ಯಸ್ತ್ರೀ ಲಕ್ಕಮ್ಮನವರು, ನಮಗೆ ಸಲ್ಲಬೇಕಾದದ್ದಕ್ಕಿಂತ ಇದು ಹೆಚ್ಚು, ಹಿಂದಕ್ಕೆ ಸುರಿದು ಬನ್ನಿರಿ ಎಂದು ಕಳಿಸಿದರು. ಈ ಕಥೆಯನ್ನು ನಾವು ಬಡವರಿಗೇ ಹೇಳುತ್ತ ಬಂದಿದ್ದೇವೆ, ಹೆಚ್ಚಿಗೆ ಆಸೆಪಡಬೇಡಿರಿ ಎಂದು. ಆದರೆ ಹೆಚ್ಚಿನ ಅಕ್ಕಿ ಇರುವುದು ಯಾರ ಮನೆಯಲ್ಲಿ? ದುಡಿದವನಿಗೆ ಸಲ್ಲದೆ ಉಳಿದ ಪಗಾರ ಸಾಹುಕಾರನ ಮನೆಯ ಮಡಕೆಯಲ್ಲಿ ಕುಳಿತ ಹೆಚ್ಚಿನ ಅಕ್ಕಿಯೇ ಅಲ್ಲವೇ? ತಾಯಂದಿರೇ, ಈ ಮಾತು ವಿಶೇಷವಾಗಿ ನಿಮಗೆ. ಇಂದು ರಾತ್ರಿ ಮನೆಯವರು ಊಟಕ್ಕೆ ಕುಳಿತಾಗ, "ಅಂಗಡಿ ಹುಡುಗರ ಪಗಾರ ಆತೇನ್ರಿ?" ಎಂದು ಒಂದು ಮಾತು ಕೇಳಿರಿ. ಲಕ್ಕಮ್ಮನವರ ಕೆಲಸ ಅದೇ.

ಇನ್ನು ತರುಣರೇ, ನೀವು ನಗಬೇಡಿರಿ. ಮಾತು ನಡೆಸಬೇಕಾದವರು ನೀವೂ ಹೌದು. ಮುಂಗಡ ತೆಗೆದುಕೊಂಡು ಹಬ್ಬಕ್ಕೆ ಹೋದವನು ಮರಳಿ ಬರಲಿಲ್ಲವೆಂದರೆ, ಅವನ ನಂತರ ಕೇಳಲು ಬಂದ ನಿಜವಾದ ಕಷ್ಟದವನಿಗೆ ಬಾಗಿಲು ಮುಚ್ಚುತ್ತದೆ. ಬಿಡುವುದಾದರೆ ಹೇಳಿ ಬಿಡಿರಿ. ಕೈಯಲ್ಲಿದ್ದ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೋಗಿರಿ. ಗಿರಾಕಿ ಎದುರು ನಿಂತಿರುವಾಗ ಫೋನು ನೋಡುತ್ತ ಕೂಡ್ರುವವನು, ತನ್ನ ವೇಳೆಯನ್ನು ಮಾಲಿಕ ಕದಿಯುತ್ತಾನೆಂದು ದೂರಲು ಬರುವುದಿಲ್ಲ. ಹಕ್ಕು ಕೇಳುವ ಬಾಯಿಗೆ ಕೆಲಸ ಮಾಡಿದ ಕೈ ಸಾಕ್ಷಿಯಾಗಬೇಕು. ನಾಳೆ ನೀವೂ ಅಂಗಡಿ ತೆರೆಯುವಿರಿ, ನಿಮ್ಮ ಕೈಕೆಳಗೂ ಹುಡುಗರು ಬರುವರು. ಅಂದು ಇಂದಿನ ನಿಮ್ಮ ಮಾತನ್ನು ನೀವೇ ಮರೆಯಬಾರದು.

ಬಂಧುಗಳೇ, ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದರು. ಒಬ್ಬರ ಕೈ ಕೆಸರಾಗಿ ಇನ್ನೊಬ್ಬರ ಬಾಯಿಗೆ ಮೊಸರಾಗಲಿ ಎಂದು ಹೇಳಲಿಲ್ಲ. ಮುಂದಿನ ತಿಂಗಳ ಗೋಷ್ಠಿಗೆ ಬರುವಾಗ ನಿಮ್ಮಲ್ಲಿ ದುಡಿಸುವವರೆಲ್ಲ ಒಂದು ಕೆಲಸ ಮಾಡಿಕೊಂಡು ಬರಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ನಿಮ್ಮಲ್ಲಿ ದುಡಿಯುವ ಪ್ರತಿಯೊಬ್ಬರ ಹೆಸರು, ಪಗಾರ, ಕೊಡುವ ತಾರೀಖು, ವಾರದ ರಜೆ ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಅವರ ಕೈಗೆ ಕೊಡಿರಿ. ಬಾಕಿ ಇದ್ದರೆ ತೀರಿಸಿರಿ. ಮಠಕ್ಕೆ ಈ ತಿಂಗಳು ಕಾಣಿಕೆ ತರಬೇಡಿರಿ. ಬಾಕಿ ತೀರಿಸಿದ ಮಾತನ್ನು ತನ್ನಿರಿ, ಅದನ್ನೇ ನಾವು ಕಾಣಿಕೆಯೆಂದು ಸ್ವೀಕರಿಸುತ್ತೇವೆ.

ದುಡಿಯುವವರ ಕಾಯಕವೂ ದುಡಿಸುವವರ ಕಾಯಕವೂ ಶುದ್ಧವಾಗಲಿ, ಎರಡರಿಂದಲೂ ಈ ಊರಿನ ದಾಸೋಹ ಬೆಳೆಯಲಿ ಎಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.